ನನ್ನಿ ಎಂಬ ನಾನು

ಯಾರಾದರೂ ಹೆಸರು ಕೇಳಿದರೆ ನಾನು ಅದನ್ನು ಎರಡು ಸಲ ಹೇಳುತ್ತೇನೆ. ಮೊದಲನೆಯ ಸಲ ಹೆಸರು ತಿಳಿಸುವುದಕ್ಕೆ. ಎರಡನೆಯ ಸಲ, ಅವರ ಕಿವಿ ನೆಟ್ಟಗೇ ಇದೆ ಎಂದು ಧೈರ್ಯ ಹೇಳುವುದಕ್ಕೆ. "ನನ್ನಿ" ಎನ್ನುತ್ತೇನೆ. "ಅಲ್ಲ, ನಿಮ್ಮ ಹೆಸರು ಕೇಳಿದ್ದು" ಎನ್ನುತ್ತಾರೆ. "ಅದೇ ಕಣ್ರೀ, ನನ್ನಿ." ಒಬ್ಬ ಆಟೋದವನಂತೂ ಕರುಣೆಯಿಂದ, "ಪರ್ವಾಗಿಲ್ಲ ಸಾರ್, ನಿಧಾನಕ್ಕೆ ಹೇಳಿ" ಎಂದು ಇಂಜಿನ್ನನ್ನೇ ಆಫ್ ಮಾಡಿದ್ದ.

ನನ್ನಿ ಎಂದರೆ ದಿಟ, ಸತ್ಯ. ಹಳಗನ್ನಡದ ಮಾತು. ನಿಘಂಟು ತೆಗೆದರೆ ಪಕ್ಕದಲ್ಲೇ ಪ್ರೀತಿ ಎಂಬ ಅರ್ಥವೂ ಕೂತಿರುತ್ತದೆ. ತಲಕಾಡಿನ ಗಂಗರ ಅರಸನೊಬ್ಬನ ಹೆಸರಿನ ಮುಂದೆ ಈ ಮಾತು ಬಿರುದಾಗಿ ಮೆರೆದಿದೆ. ಆದರೆ ಅರಸನಿಗೆ ಒಪ್ಪಿದ ಹೆಸರು, ಅಗ್ರಹಾರದ ವಠಾರದಲ್ಲಿ ಮೂಗು ಸೋರಿಸಿಕೊಂಡು ಬುಗುರಿ ಆಡುತ್ತಿದ್ದ ಹುಡುಗನಿಗೂ ಒಪ್ಪಬೇಕಲ್ಲ! ನಮ್ಮದು ನಂಜನಗೂಡಿನ ಕಡೆಯ ಬೇಸಾಯದ ಮನೆತನ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಟ್ಟು ಸಿದ್ದಯ್ಯ ಎಂದು ಕರೆಯಬೇಕೆಂದು ಅಜ್ಜಿಯ ಆಸೆ. ಹೊಸ ಹೆಸರು ಕೇಳಿ ಅವಳು ಸಿಡಿದಳಂತೆ: "ನನ್ನಿ ನಿನ್ನಿ ಅಂತ ಯಾರಾರ ಎಸ್ರು ಮಡಗ್ತಾರಾ? ಮಗೀಗೆ ದೃಷ್ಟಿ ತಾಕದಂಗೆ ಮಾಡಕ್ಕೆ ಇಂಗ್ ಮಾಡಿದ್ದೀರಾ?" ಅವಳು ಇರುವ ತನಕ ನನ್ನನ್ನು ಸಿದ್ದ ಎಂದೇ ಕರೆದಳು. ನಾನೂ ಬೇರೆ ಯಾರು ಕರೆದದ್ದಕ್ಕಿಂತ ಬೇಗ ಅವಳಿಗೇ ಓಗೊಡುತ್ತಿದ್ದೆ.

ಮುಂದೆ ಕನ್ನಡ ನಾಡಿನ ಗಡಿ ದಾಟಿದಾಗ ಹೆಸರಿನ ಅವಸ್ಥೆ ಇನ್ನೂ ಕೆಟ್ಟಿತು. ನಾನು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದವನು. ಒಮ್ಮೆ ತರಬೇತಿಗೆಂದು ಉತ್ತರದ ಊರೊಂದಕ್ಕೆ ಹೋದರೆ, ಹೆಂಗಸರ ಕೋಣೆಗಳ ಪಟ್ಟಿಯಲ್ಲಿ ನನ್ನ ಹೆಸರಿತ್ತು. ಹಿಂದಿಯ ಕಿವಿಗೆ ಅದು ನನ್ಹೀ, ಎಂದರೆ ಪುಟ್ಟ ಹುಡುಗಿ. ಮೀಸೆ ತಿರುವುತ್ತ ನಿಂತ ನನ್ನನ್ನು ನೋಡಿ ಅಲ್ಲಿನ ಗುಮಾಸ್ತ ಪಟ್ಟಿಯನ್ನೂ ನನ್ನನ್ನೂ ಮೂರು ಸಲ ಹೋಲಿಸಿದ. ನಮ್ಮ ಶಾಲೆಗೆ ಬಂದ ಮಲಯಾಳಿ ಮೇಡಂ ಮೊದಲ ದಿನ ನಾನು ಎದೆ ಮುಟ್ಟಿಕೊಂಡು "ನನ್ನಿ" ಎಂದದ್ದಕ್ಕೆ, "ಅಯ್ಯೋ, ಇರಲಿ ಬಿಡಿ ಸಾರ್" ಎಂದು ನಾಚಿಕೊಂಡರು. ಅವರ ಕಿವಿಗೆ ಅದು ಧನ್ಯವಾದ. ಯಾವ ಉಪಕಾರಕ್ಕೆ ಎಂದು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಈಗ ನಗುತ್ತ ಹೇಳುತ್ತೇನೆ. ಹದಿನಾಲ್ಕರ ವಯಸ್ಸಿನಲ್ಲಿ ನಗು ಬರುತ್ತಿರಲಿಲ್ಲ. "ನನ್ನಿ, ನಿನ್ನಿ, ನಾಳೆ ಬನ್ನಿ" ಎಂದು ಹುಡುಗರು ಹಾಡು ಕಟ್ಟಿದ್ದರು. ಹತ್ತನೆಯ ತರಗತಿಯ ಪರೀಕ್ಷೆಗೆ ಪಟ್ಟಿ ಕಳಿಸುವ ಮೊದಲು, ಹೆಸರು ತಿದ್ದಿಸಿಕೊಳ್ಳುವವರು ಅರ್ಜಿ ಕೊಡಬಹುದೆಂದು ಹೆಡ್‌ಮಾಸ್ತರು ಹೇಳಿದರು. ಅಂದು ಸಂಜೆ ಮನೆಗೆ ಬಂದವನೇ ಅಪ್ಪನ ಮೇಲೆ ಎಗರಿಬಿದ್ದೆ.

ಅಪ್ಪ ಹತ್ತಿರದ ಅಚ್ಚುಕೂಟವೊಂದರಲ್ಲಿ ಪ್ರೂಫ್ ತಿದ್ದುತ್ತಿದ್ದರು. ಕಿವಿಯ ಮೇಲೆ ಕೆಂಪು ಪೆನ್ಸಿಲು, ಎದುರಿಗೆ ಉದ್ದುದ್ದ ಹಾಳೆ. ಇಷ್ಟೊಂದು ಹಳೆಯ ಪುಸ್ತಕಗಳ ನಡುವೆ ಬದುಕುವ ಮನುಷ್ಯ ಮಗನಿಗೆ ಇಂಥ ಹೆಸರಿಟ್ಟದ್ದರಲ್ಲಿ ಯಾರಿಗೂ ಆಶ್ಚರ್ಯವಿರಲಿಲ್ಲ, ನನಗೂ.

"ನಿಮ್ಮ ಪಾಂಡಿತ್ಯ ತೋರ್ಸಕ್ಕೆ ನಾನೇ ಸಿಕ್ಕಿದ್ನಾ? ಇಡೀ ಸ್ಕೂಲು ನಗುತ್ತೆ" ಎಂದೆ.

ಅಪ್ಪ ಅಡುಗೆಮನೆಯ ಬಾಗಿಲಿನ ಕಡೆ ಒಮ್ಮೆ ನೋಡಿದರು. ಅವ್ವ ಅಲ್ಲಿ ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದಳು. ಜರಡಿಯ ಸದ್ದು ನಿಂತಿತ್ತು. ಅಪ್ಪ ಒಂದು ಬಿಳಿ ಹಾಳೆ ತೆಗೆದುಕೊಂಡು, ಒಂದೇ ಒಂದು ತಪ್ಪಿಲ್ಲದೆ ಅರ್ಜಿ ಬರೆದು, ಸಹಿ ಹಾಕಿ ಕೊಟ್ಟರು. ಹೊಸ ಹೆಸರಿನ ಜಾಗ ಮಾತ್ರ ಖಾಲಿ.

"ನಿನಗೆ ಬೇಕಾದ್ದು ಬರ್ಕೊ" ಎಂದರು.

ಅಲ್ಲೇ ಎಡವಟ್ಟಾಯಿತು. ಒಂದು ದಿನ ಸುರೇಶ ಎಂದುಕೊಂಡೆ. ಮಾರನೆಯ ದಿನ ನಮ್ಮ ಬೀದಿಯ ಸುರೇಶನೊಡನೆ ಜಗಳವಾಯಿತು. ಅರವಿಂದ ಎಂದುಕೊಂಡೆ, ಕನ್ನಡಿಯ ಮುಂದೆ ನಿಂತು ಕರೆದು ನೋಡಿದರೆ ಒಳಗಿನವನು ಅರವಿಂದನ ಹಾಗೆ ಕಾಣಲಿಲ್ಲ. ಹೀಗೆ ಹೆಸರು ಹುಡುಕುತ್ತಲೇ ಕೊನೆಯ ದಿನ ದಾಟಿಹೋಯಿತು. ತಪ್ಪು ಪೂರ್ತಿ ನನ್ನದೇ. ಆದರೂ ಸಿಟ್ಟನ್ನು ಅಪ್ಪನ ಮೇಲೇ ಉಳಿಸಿಕೊಂಡೆ. ಮುಂದೆ ಎಷ್ಟೋ ವರ್ಷ, ಎಲ್ಲಾದರೂ ಹೆಸರಿನಿಂದ ಪೇಚಾಟವಾದರೆ ಮನೆಗೆ ಬಂದು ಅಪ್ಪನನ್ನು ಚುಚ್ಚುತ್ತಿದ್ದೆ. "ನೀವಿಟ್ಟ ಹೆಸರಿನ ಮಹಿಮೆ" ಎಂದು ಶುರುಮಾಡಿದರೆ ಅವರು ಕನ್ನಡಕ ಒರೆಸಿಕೊಳ್ಳುತ್ತ ಕೇಳುತ್ತಿದ್ದರು. ಒಮ್ಮೆಯೂ ಎದುರಾಡಲಿಲ್ಲ. ಅವರು ತೀರಿಕೊಂಡು ಈಗ ಹದಿನೈದು ವರ್ಷ.

ಮೂವತ್ತು ವರ್ಷ ಹಾಜರಿ ಕೂಗಿದವನಿಗೆ ಒಂದು ವಿಷಯ ಗೊತ್ತಾಗುತ್ತದೆ: ಹೆಸರುಗಳೂ ಪ್ಯಾಂಟಿನ ಹಾಗೆ, ಒಂದು ಕಾಲಕ್ಕೆ ಅಗಲ, ಒಂದು ಕಾಲಕ್ಕೆ ಬಿಗಿ. ನಾನು ಕೆಲಸಕ್ಕೆ ಸೇರಿದಾಗ ತರಗತಿಯ ತುಂಬ ಮಂಜುನಾಥರು, ನಾಗರಾಜರು. ಆಮೇಲೆ ನವೀನರು, ಪ್ರವೀಣರು. ನಿವೃತ್ತಿಯ ಹೊತ್ತಿಗೆ ಎಲ್ಲ ಹೆಸರುಗಳೂ ಮೊಟಕಾಗಿ, ಕೊನೆಯಲ್ಲಿ ಒಂದು 'ನ್' ಇಟ್ಟುಕೊಂಡು ಕೂತಿದ್ದವು. ಪ್ರತಿಯೊಬ್ಬ ತಂದೆತಾಯಿಯೂ ಅಪರೂಪದ್ದೆಂದು ಹುಡುಕಿ ತಂದ ಹೆಸರು, ಪಕ್ಕದ ಬೆಂಚಿನಲ್ಲೂ ಇರುತ್ತಿತ್ತು.

ಹೋದ ವರ್ಷ ಸಿದ್ಧಾರ್ಥನಗರದ ನಮ್ಮ ಎದುರುಮನೆಯ ಕಾವ್ಯಳಿಗೆ ಗಂಡುಮಗುವಾಯಿತು. ಬಾಣಂತನ ಇಲ್ಲೇ ಗಂಡನ ಮನೆಯಲ್ಲಿ. ಒಂದು ಬೆಳಿಗ್ಗೆ ಅವಳು ಮತ್ತು ಗಂಡ ಮಹದೇವ ಮಗುವನ್ನು ಎತ್ತಿಕೊಂಡು ಬಂದು ನಮ್ಮ ಸೋಫಾದ ಮೇಲೆ ಕೂತರು. ಅವಳ ಫೋನಿನಲ್ಲಿ ಹೆಸರುಗಳ ಪಟ್ಟಿ ಎಳೆದಷ್ಟೂ ಉದ್ದಕ್ಕಿತ್ತು.

"ಎಲ್ಲಾ ನೋಡಾಯ್ತು ಅಂಕಲ್. ಯುನೀಕ್ ಅಂತ ಹಾಕಿರ್ತಾರೆ, ವಿಚಾರಿಸಿದ್ರೆ ನಮ್ಮ ನಾದಿನಿ ಮಗೂಗೂ ಅದೇ. ನಿಮ್ಮ ಹೆಸರು ಎಷ್ಟು ಚೆನ್ನಾಗಿದೆ! ಇಡ್ಬೋದಾ?"

ನನ್ನ ಹೆಸರು ಚೆನ್ನಾಗಿದೆ ಎಂದು ಅದುವರೆಗೆ ಯಾರೂ ಹೇಳಿರಲಿಲ್ಲ. ಉಬ್ಬಿಹೋಗಬೇಕಿತ್ತು. ಆದರೆ ಅರವತ್ತೆರಡು ವರ್ಷ ಗೊಣಗುತ್ತ ಹೊತ್ತ ಹೆಸರನ್ನು ಇನ್ನೊಬ್ಬರು ಕೇಳಿದ ಕೂಡಲೇ, ಕೊಡಲು ಮನಸ್ಸು ಬರಲಿಲ್ಲ. "ಯೋಚನೆ ಮಾಡಿ ಹೇಳ್ತೀನಮ್ಮ" ಎಂದುಬಿಟ್ಟೆ, ಅದೇನೋ ನನ್ನ ಹೆಸರಿಗೆ ಖಾತೆಯಾದ ಸೈಟು ಎಂಬಂತೆ. ಅವರು ಹೋದ ಮೇಲೆ ನನಗೇ ನಾಚಿಕೆಯಾಯಿತು.

ಮಂಚದ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದ ಅವ್ವ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳಿಗೆ ಎಂಬತ್ತಮೂರು, ಕಿವಿ ಮಾತ್ರ ಇಪ್ಪತ್ತರದ್ದು.

"ಯೋಚ್ನೆ ಮಾಡಕ್ಕೆ ನೀನ್ಯಾರ್ಲಾ? ಇಟ್ಟೋಳು ನಾನು. ನನ್ನ ಕೇಳ್ಬೇಕು" ಎಂದಳು.

"ನೀನಾ? ಅಪ್ಪ ಅಲ್ವಾ?"

"ನಿಮ್ಮಪ್ಪಂದಲ್ಲ. ನಾನೇ ಇಟ್ಟಿದ್ದು."

ಅವಳು ಅವರೆಕಾಯಿಯ ಮೊರವನ್ನು ಪಕ್ಕಕ್ಕಿಟ್ಟು ಹೇಳಿದ್ದಿಷ್ಟು. ಹೆಣ್ಣು ನೋಡಲು ಬಂದಾಗ ಅಪ್ಪನ ಸೋದರಮಾವ, "ಹುಡುಗ ಕಾಲೇಜಲ್ಲಿ ಮೇಷ್ಟ್ರು" ಎಂದನಂತೆ. ಅಪ್ಪ ತಲೆ ತಗ್ಗಿಸಿ ಕೂತಿದ್ದರಂತೆ, ಅಲ್ಲ ಎನ್ನಲಿಲ್ಲ. ಮದುವೆಯಾಗಿ ಅಗ್ರಹಾರಕ್ಕೆ ಬಂದ ಮೇಲೆ ದಿನವೂ ಕೋಟು ತೊಟ್ಟು, ಕಂಕುಳಲ್ಲಿ ಪುಸ್ತಕ ಸಿಕ್ಕಿಸಿಕೊಂಡು ಹೊರಡುತ್ತಿದ್ದರು.

"ದಸರಾಕ್ಕೆ ಊರಿಗೂರೇ ರಜಾ. ಇವ್ರು ಬೆಳಿಗ್ಗೆ ಎಂಟಕ್ಕೆ ಕೋಟು ಹಾಕ್ಕಂಡ್ರು. ಕಾಲೇಜು ಇಲ್ವಾ ಅಂದ್ರೆ, ಸ್ಪೆಷಲ್ ಕ್ಲಾಸು ಅಂದ್ರು. ಆವತ್ತೇ ನನಗೆ ಗೊತ್ತಾಗೋಯ್ತು."

"ಕೇಳ್ಲಿಲ್ವಾ?"

"ಯಾಕ್ ಕೇಳ್ಲಿ? ಅವ್ರೇ ಹೇಳ್ತಾರಾ ನೋಡಾನ ಅಂತ ಸುಮ್ನಿದ್ದೆ. ನೀನು ಹೊಟ್ಟೇಲಿದ್ದಾಗ, ಐದು ತಿಂಗ್ಳು ತುಂಬಿತ್ತು, ಒಂದಿನ ಒಲೆ ಮುಂದೆ ಬಂದು ಕುಂತ್ಕಂಡು, ಮೇಷ್ಟ್ರಲ್ಲ, ಅಚ್ಚುಕೂಟದ ಕೆಲ್ಸ ಅಂತ ಎಲ್ಲಾ ಹೇಳ್ಬುಟ್ರು. ಬೇಕಾದ್ರೆ ನಿಮ್ಮೂರಿಗೆ ಬುಟ್ಟು ಬತ್ತೀನಿ ಅಂದ್ರು. ನಾನು, ಗೊತ್ತು, ಕೈ ತೊಳ್ಕಳಿ, ಊಟಕ್ಕಾಯ್ತು ಅಂದೆ."

ಮರುದಿನದಿಂದ ಅಪ್ಪ ಪ್ರೂಫ್ ಹಾಳೆಗಳನ್ನು ರಾಜಾರೋಷವಾಗಿ ಮನೆಗೆ ತಂದರು. ನಾಲ್ಕನೆಯ ಇಯತ್ತೆ ಓದಿದ್ದ ಅವ್ವ ಒಂದೊಂದೇ ಅಕ್ಷರ ಕೂಡಿಸಿ ಮೂಲಪ್ರತಿಯನ್ನು ಓದುವುದು, ಅಪ್ಪ ಅಚ್ಚಾದ ಹಾಳೆಯಲ್ಲಿ ತಪ್ಪು ಹಿಡಿಯುವುದು. ಆಗ ನಡೆಯುತ್ತಿದ್ದದ್ದು ಶಾಸನಗಳ ಪುಸ್ತಕ. ಅರ್ಥವಾಗದ ಆ ಕಾಡಿನಲ್ಲಿ ಅವಳಿಗೆ ಒಂದು ಸಣ್ಣ ಮಾತು ಎಡತಾಕಿತು. ಇದೇನು ಎಂದಳು. ನಿಜ ಅಂತ, ಪ್ರೀತಿಗೂ ಅದೇ ಮಾತು, ಎಂದರು ಅಪ್ಪ.

"ಗಂಡಾದ್ರೆ ಇದೇ ಎಸ್ರು ಅಂದೆ. ಅವ್ರಿಗೆ ಕಣ್ಣಲ್ಲಿ ನೀರು. ನಾನು ಚುಚ್ಚಕ್ಕೆ ಹೇಳ್ದೆ ಅಂದ್ಕಂಡ್ರೇನೋ. ಚುಚ್ಚಕ್ಕಲ್ಲ ಕಣೋ, ಮೆಚ್ಚಿ ಇಟ್ಟಿದ್ದು. ತಾನಾಗೇ ಬಂದು ಹೇಳುದ್ರಲ್ಲ!"

"ನಾನು ಅಪ್ಪನ್ನ ಅಷ್ಟು ಬೈತಿದ್ದೆ. ಆಗ ಯಾಕೆ ಹೇಳ್ಲಿಲ್ಲ?" ಎಂದೆ.

"ಅವ್ರು ಬುಡ್ನಿಲ್ಲ. ಇಟ್ಟೋಳು ನೀನು ಅಂದ್ರೆ ನಿನ್ ಮ್ಯಾಲೆ ಸಿಟ್ಟಾಯ್ತನೆ, ನನ್ ಮ್ಯಾಲೇ ಇರ್ಲಿ ಅಂದ್ರು. ಅರ್ಜಿ ಬರ್ದ ದಿನ ರಾತ್ರಿ ಇಬ್ರೂ ಉಣ್ನಿಲ್ಲ."

ಒಂದು ಸುಳ್ಳನ್ನು ಒಪ್ಪಿಕೊಂಡು ಹಗುರಾಗಿದ್ದ ಮನುಷ್ಯ, ಹೆಂಡತಿಗಾಗಿ ಇನ್ನೊಂದು ಸುಳ್ಳನ್ನು ಕೊನೆಯ ತನಕ ಹೊತ್ತಿದ್ದರು. ಆ ದಿನ ಅವರ ಫೋಟೊದ ಮುಂದೆ ನಿಂತೆ. ಕ್ಷಮೆ ಕೇಳಲು ಹದಿನೈದು ವರ್ಷ ತಡವಾಗಿತ್ತು, ಕೇಳಿದೆ.

ಮಾರನೆಯ ದಿನ ಅವ್ವ ಕಾವ್ಯಳನ್ನು ಕರೆಸಿ, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, ಇದೇ ಕಥೆಯನ್ನು ಇನ್ನೂ ಉಪ್ಪುಖಾರ ಹಚ್ಚಿ ಹೇಳಿದಳು. "ಇಟ್ಕಳವ್ವ. ಅರ್ಥ ಮಾತ್ರ ಮರೀಬ್ಯಾಡ" ಎಂದಳು. ಕಾವ್ಯ ಕಣ್ಣೊರೆಸಿಕೊಂಡು ಗಂಡನ ಕಡೆ ತಿರುಗಿ, "ನೀವೇನಾದ್ರೂ ಹೇಳೋದಿದ್ಯಾ?" ಎಂದಳು. ಮಹದೇವ ಗಾಬರಿಯಾದ.

ಹೆಸರಿನ ಸಂತಾನ ಬೆಳೆಯಿತು. ಕಾವ್ಯಳ ತಂಗಿ ಬನ್ನಿಮಂಟಪದಲ್ಲಿ ತನ್ನ ಮಗನಿಗೂ ಅದನ್ನೇ ಇಟ್ಟಳು. ಅವಳಿದ್ದ ಹೊಸ ತಾಯಂದಿರ ವಾಟ್ಸಾಪ್ ಗುಂಪಿನಿಂದ ಮತ್ತೊಬ್ಬ ನನ್ನಿ ಹೊರಟ. ಈಗ ಹೆಸರುಗಳ ಜಾಲತಾಣವೊಂದರಲ್ಲೂ ನಾವು ಬಂದಿದ್ದೇವೆ: "ನನ್ನಿ, ಮೂಲ ಸಂಸ್ಕೃತ, ಅದೃಷ್ಟದ ಬಣ್ಣ ಹಸಿರು." ಮೂಲ ತಪ್ಪು ಎಂದು ಅಪ್ಪನ ಕೆಂಪು ಪೆನ್ಸಿಲಿನ ಗತ್ತಿನಲ್ಲಿ ಅವರಿಗೆ ಬರೆದೆ. ಉತ್ತರವಿಲ್ಲ. ಬಣ್ಣದ ವಿಷಯ ನನಗೆ ಗೊತ್ತಿಲ್ಲವಾದ್ದರಿಂದ ಅದನ್ನು ತಿದ್ದಲಿಲ್ಲ.

ಮೊನ್ನೆ ಸಂಜೆ ವಾಕಿಂಗ್ ಹೊರಟಿದ್ದೆ. ಗೇಟು ದಾಟಿ ನಾಲ್ಕು ಹೆಜ್ಜೆ ಹಾಕಿರಲಿಲ್ಲ, ಹಿಂದಿನಿಂದ ಗದರಿಕೆ ಬಂತು: "ನನ್ನೀ! ಬಾಯಿಂದ ಚಪ್ಲಿ ತೆಗಿಯೋ!"

ಗಕ್ಕನೆ ನಿಂತೆ. ಕೈ ತಾನಾಗಿ ಬಾಯಿಯ ಹತ್ತಿರ ಹೋಗಿತ್ತು. ತಿರುಗಿ ನೋಡಿದರೆ ಎದುರುಮನೆಯ ಮೆಟ್ಟಿಲ ಮೇಲೆ ಹೊಸ ನನ್ನಿ, ಮಹದೇವನ ಹವಾಯಿ ಚಪ್ಪಲಿಯನ್ನು ಎರಡೂ ಹಲ್ಲುಗಳಿಂದ ಶ್ರದ್ಧೆಯಾಗಿ ಕಡಿಯುತ್ತಿದ್ದ. ಕಾವ್ಯ ನಾಲಿಗೆ ಕಚ್ಚಿಕೊಂಡು, "ಅಯ್ಯೋ, ನಿಮಗಲ್ಲ ಅಂಕಲ್!" ಎಂದಳು.

"ಗೊತ್ತಮ್ಮ" ಎಂದೆ. ಆ ಹೆಸರಿನ ಮೇಲೆ ಬಿದ್ದ ಒಂದು ಬೈಗುಳ ನನ್ನ ಪಾಲಿಗೆ ಬರದೆ ಹೋದದ್ದು ಜೀವಮಾನದಲ್ಲಿ ಅದೇ ಮೊದಲು. ಎಷ್ಟು ಹಗುರವಾಗಿತ್ತೆಂದರೆ, ಆ ಸಂಜೆ ಎರಡು ಸುತ್ತು ಹೆಚ್ಚಿಗೆ ನಡೆದೆ.