ಮಾವನವರ ಮೂಗು, ನನ್ನ ಬಳೆ

ನಾನು ಮದುವೆಯಾಗಿ ಮಧುಗಿರಿಗೆ ಬಂದಾಗ ನಮ್ಮ ಮಾವನವರ ಮೂಗು ಊರಿನ ಆಸ್ತಿಯಾಗಿತ್ತು. ನಮ್ಮದು ತುಪ್ಪದ ವ್ಯಾಪಾರ, ನನ್ನ ಗಂಡ ಸರಕಿನ ಗಾಡಿಯೊಡನೆ ಹೆಚ್ಚಾಗಿ ಹೊರಗೂರುಗಳಲ್ಲೇ ಇರುತ್ತಿದ್ದರು. ಸಂತೆಯ ದಿನ ಸುತ್ತಿನ ಹಳ್ಳಿಗಳ ಹೆಂಗಸರು ಸಣ್ಣ ಸಣ್ಣ ಗಡಿಗೆಗಳಲ್ಲಿ ತುಪ್ಪ ತಂದು ನಮ್ಮ ಜಗಲಿಯ ಮೇಲೆ ಸಾಲಾಗಿ ಇಡುತ್ತಿದ್ದರು. ಮಾವನವರು ಒಂದೊಂದು ಗಡಿಗೆಯಿಂದಲೂ ಒಂದು ಬೊಟ್ಟು ತೆಗೆದು, ಎಡಗೈಯ ಹಿಂಬದಿಗೆ ತಿಕ್ಕಿ, ಕಣ್ಣು ಮುಚ್ಚಿ ಮೂಸಿ, ಇದು ಎಮ್ಮೆಯದು, ಇದು ಹಸುವಿನದು, ಇದು ಮೂರು ವಾರ ಕೂಡಿಟ್ಟ ಬೆಣ್ಣೆ, ಇದಕ್ಕೆ ಕಡಲೆಕಾಯಿ ಎಣ್ಣೆ ಸೇರಿದೆ ಎಂದು ಹೇಳಿಬಿಡುತ್ತಿದ್ದರಂತೆ. ‘ಅಂತೆ’ ಎನ್ನುತ್ತೇನೆ, ಏಕೆಂದರೆ ಅದನ್ನು ನಾನು ಕಣ್ಣಾರೆ ಕಂಡವಳಲ್ಲ. ನಾನು ಬರುವ ಹೊತ್ತಿಗೆ ಆ ಮೂಗು ಕೆಟ್ಟು ಮೂರು ತಿಂಗಳಾಗಿತ್ತು. ಊರಿಗೆ ಮಾತ್ರ ಗೊತ್ತಿರಲಿಲ್ಲ.

ನನಗೂ ಮೊದಲ ತಿಂಗಳು ಗೊತ್ತಾಗಲಿಲ್ಲ. ನನ್ನ ತವರು ಕೊರಟಗೆರೆ. ಅಡಿಗೆಯಲ್ಲಿ ನನ್ನ ಕೈ ಚೆನ್ನಾಗಿದೆ ಎಂದು ನಾಲ್ಕು ಜನರಿಂದ ಹೇಳಿಸಿಕೊಂಡು ಬಂದವಳು ನಾನು, ಆ ಬಗ್ಗೆ ಸ್ವಲ್ಪ ಜಂಬವೂ ಇತ್ತು. ಇಲ್ಲಿ ನೋಡಿದರೆ ಮಾವನವರು ಹುಳಿಯನ್ನೂ ಪಾಯಸವನ್ನೂ ಒಂದೇ ಮುಖ ಇಟ್ಟುಕೊಂಡು ಉಂಡು ಏಳುತ್ತಿದ್ದರು. ಚೆನ್ನಾಗಿದೆ ಎನ್ನುವುದು ಹೋಗಲಿ, ಚೆನ್ನಾಗಿಲ್ಲ ಎಂದೂ ಅನ್ನರು. ಸೊಸೆಯಾದವಳು ಮಾವನ ಎದುರಿಗೆ ನಿಲ್ಲುವಂತಿಲ್ಲ, ಮಾತಾಡುವಂತಿಲ್ಲ. ಬಾಗಿಲ ಮರೆಯಲ್ಲಿ ನಿಂತು ಅತ್ತೆಯ ಕೈಗೆ ಪಾತ್ರೆ ದಾಟಿಸಬೇಕು. ಆ ಮರೆಯಲ್ಲೇ ನಿಂತು ನಾನು ಎರಡು ಸಲ ಅತ್ತಿದ್ದೇನೆ. ಬೈದಿದ್ದರೆ ಅಷ್ಟು ಅಳುತ್ತಿರಲಿಲ್ಲ.

ಗುಟ್ಟು ಹೊರಬಿದ್ದದ್ದು ನನ್ನ ತಪ್ಪಿನಿಂದ. ಅಡಿಗೆಮನೆಯ ಗೂಡಿನಲ್ಲಿ ಎರಡು ಭರಣಿಗಳಿದ್ದವು. ಒಂದು ಊಟದ ತುಪ್ಪ, ಇನ್ನೊಂದು ದೀಪದ ತುಪ್ಪ. ದೀಪದ್ದು ಎಂದರೆ ವರ್ಷದಿಂದ ಮಾರಾಟವಾಗದೆ ಉಳಿದ ಕಮಟು ಸರಕು, ಮುಚ್ಚಳ ತೆಗೆದರೆ ಬೆಕ್ಕು ಸಹ ಎದ್ದು ಹೋಗುತ್ತಿತ್ತು. ಒಂದು ದಿನ ಅವಸರದಲ್ಲಿ ಅದನ್ನೇ ಕಾಸಿ ಮಿಳ್ಳೆಗೆ ತುಂಬಿಕೊಟ್ಟೆ. ಅದನ್ನು ಮಾವನವರ ಅನ್ನಕ್ಕೆ ಬಡಿಸಿದ ಮೇಲೆಯೇ ಅತ್ತೆಯ ಮೂಗಿಗೆ ವಾಸನೆ ಬಡಿದದ್ದು. ಅವರು ತಿರುಗಿ ನನ್ನನ್ನು ನೋಡಿದರು. ನಾನು ಕಂಬ ಹಿಡಿದು ನಿಂತೆ. ಮಾವನವರು ಕಲಸಿದರು, ಉಂಡರು. ನಾಲ್ಕು ತಾಲ್ಲೂಕಿಗೆ ತುಪ್ಪದ ನ್ಯಾಯ ಹೇಳುವ ಮನುಷ್ಯ ಎಲೆಯಿಂದ ತಲೆ ಎತ್ತದೆ, “ಇನ್ನೊಂಚೂರು ಬುಡು” ಎಂದರು.

ಅತ್ತೆ ಬಡಿಸಿದರು. ಪಾಪ, ಇನ್ನೇನು ಮಾಡಿಯಾರು. ಆಮೇಲೆ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಬಾವಿಕಟ್ಟೆಯ ಮೇಲೆ ಕೂತು ಹೇಳಿದರು.

“ಮಾಘದಾಗೆ ನೆಗಡಿ ಬಂತು ಕಣಮ್ಮ. ನೆಗಡಿ ಬಂತು, ವಾಸ್ನೆ ಹೋಯ್ತು. ನೆಗಡಿ ಇನ್ನೂ ಇಲ್ಲೇ ಅದೆ, ವಾಸ್ನೆ ಮಾತ್ರ ತಿರುಗಿ ಬರಲಿಲ್ಲ. ಊರಿಗೆ ಗೊತ್ತಾದ್ರೆ ನಾಳೆ ನಮ್ಮ ಜಗಲಿಗೆ ಒಂದು ಗಡಿಗೆ ಬರಕಿಲ್ಲ. ಅದಕ್ಕಿಂತ ಹೆಚ್ಚಾಗಿ, ಅವರ ಜೀವ ಉಳಿಯಕಿಲ್ಲ.”

ಮೂವರು ವೈದ್ಯರು ಆಗಲೇ ಮನೆಗೆ ಬಂದು ಹೋಗುತ್ತಿದ್ದುದು ಏಕೆಂದು ನನಗೆ ಅಂದು ತಿಳಿಯಿತು. ಹಿರಿಯರು, ವಯಸ್ಸಾಯಿತು, ಏನೋ ಕೆಮ್ಮು ಎಂದುಕೊಂಡಿದ್ದೆ. ವಾಸನೆ ಹೋದ ಸಂಗತಿಯನ್ನು ಮೂವರಿಂದಲೂ ಅತ್ತೆ ಆಣೆ ಹಾಕಿಸಿ ಮುಚ್ಚಿಸಿದ್ದರು.

ಮೊದಲನೆಯವರು ನಮ್ಮ ಬೀದಿಯ ಪಂಡಿತರು. ಅವರ ಪ್ರಕಾರ ನೆಗಡಿ ಹೊರಗಿನಿಂದ ಬರುವುದಿಲ್ಲ. ಮನುಷ್ಯ ತಾನೇ ಮಾಡಿಕೊಳ್ಳುತ್ತಾನೆ. ಹಗಲು ನಿದ್ದೆ, ಸಂಜೆ ಮೊಸರು, ಬೆವರಿನ ಮೈಗೆ ತಣ್ಣೀರು, ಬಂದ ಸೀನನ್ನು ತಡೆಯುವುದು, ಇವುಗಳಿಂದ ಕಫ ಕೆರಳಿ ತಲೆಗೆ ಏರಿ, ಅಲ್ಲಿ ಹಳತಾಗಿ ಪೀನಸ ಎಂಬ ರೋಗವಾಗುತ್ತದೆ. ಮಾವನವರು ಗಿರಾಕಿಗಳ ಎದುರು ಮರ್ಯಾದೆಗೆಂದು ಮೂವತ್ತು ವರ್ಷ ಸೀನು ತಡೆದವರು. ಹಾಗಾಗಿ ತಪ್ಪು ಒಪ್ಪಿಕೊಂಡರು. ಪಂಡಿತರು ಮೊಸರು ಬಿಡಿಸಿದರು, ಬಾಳೆಹಣ್ಣು ಬಿಡಿಸಿದರು, ಶುಂಠಿ ಮೆಣಸು ಹಿಪ್ಪಲಿಯ ಕಷಾಯ ಕುಡಿಸಿದರು, ಅಂಗಾತ ಮಲಗಿಸಿ ಮೂಗಿಗೆ ಎಣ್ಣೆ ಬಿಟ್ಟರು, ಅರಿಶಿನದ ಕೊಂಬು ಸುಟ್ಟು ಅದರ ಹೊಗೆ ಎಳೆಸಿದರು. ಗಾಳಿ ಸೋಕಬಾರದೆಂದು ಕಿಟಕಿಗಳನ್ನು ಮುಚ್ಚಿಸಿದರು.

ಎರಡನೆಯವರು ಶಿರಾದ ಹಕೀಮರು. ಬಿಳಿ ಗಡ್ಡ, ಮೆದು ಮಾತು, ನಾಡಿ ಹಿಡಿದರೆ ಅರ್ಧ ಗಳಿಗೆ ಬಿಡುತ್ತಿರಲಿಲ್ಲ. “ಇದು ಮೂಗಿನ ಕಾಯ್ಲೆ ಅಲ್ಲ ಸಾಹುಕಾರ್ರೆ. ಇದು ನಜ್ಲಾ. ದಿಮಾಗಿಗೆ ಸರ್ದಿ ಆಗಿದೆ, ಮಿದುಳಿಗೇ ಶೀತ. ಅಲ್ಲಿಂದ ನೀರು ಕೆಳಗೆ ಇಳೀತದೆ. ಕಣ್ಣಿಗೆ ಇಳಿದ್ರೆ ನಜರು ಕಮ್ಮಿ, ಕಿವಿಗೆ ಇಳಿದ್ರೆ ಕಿವುಡು, ಹಲ್ಲಿಗೆ ಇಳಿದ್ರೆ ಹಲ್ಲು ಅಲ್ಲಾಡ್ತದೆ, ಕೂದಲಿಗೆ ಬಂದ್ರೆ ಬಿಳೀದು” ಎಂದರು. ಮಾವನವರು ನರೆತ ತಲೆ ಮುಟ್ಟಿಕೊಂಡರು, ಅಲ್ಲಾಡುವ ಹಲ್ಲು ಮುಟ್ಟಿಕೊಂಡರು, ಮುಖ ಸಣ್ಣದಾಯಿತು. ಅವರ ಮುಪ್ಪಿಗೆಲ್ಲ ಒಂದೇ ನೆಗಡಿ ಕಾರಣವೆಂದು ಅಂದಿನಿಂದ ಅವರು ನಂಬಿದರು. ಹಕೀಮರು ಒಣಗಿದ ನೇರಳೆ ಬಣ್ಣದ ಹೂಗಳನ್ನು ಕುದಿಸಿ ಕುಡಿಯಲು ಕೊಟ್ಟರು, ನೆತ್ತಿಯ ಮೇಲೆ ಉಣ್ಣೆಯ ಬಟ್ಟೆ ಕಟ್ಟಿಸಿದರು. ಜೊತೆಗೊಂದು ಸಿಹಿ ಲೇಹ್ಯ. ಮಾವನವರು ಆ ಲೇಹ್ಯವನ್ನು ಮಾತ್ರ ಹೇಳಿದ್ದಕ್ಕಿಂತ ಹೆಚ್ಚಾಗಿ ಸೇವಿಸಿದರು.

ಮೂರನೆಯವರು ಸರ್ಕಾರಿ ಆಸ್ಪತ್ರೆಯ ಡಾಕ್ಟರು, ಹೊಸಬರು, ಕೋಟು ತೊಟ್ಟವರು. ಹಣೆಗೆ ಕನ್ನಡಿ ಕಟ್ಟಿಕೊಂಡು ಮೂಗಿನೊಳಗೆ ಇಣುಕಿದರು. ಒಳಗೆ ಊದಿಕೊಂಡಿದೆ, ಉಪ್ಪುನೀರಿನಲ್ಲಿ ತೊಳೆಯಿರಿ, ನಶ್ಯ ಏರಿಸುವುದಿದ್ದರೆ ನಿಲ್ಲಿಸಿ, ಕಿಟಕಿ ತೆಗೆದಿಡಿ ಎಂದರು. ಆಮೇಲೆ ಒಂದು ಮಾತು ಸೇರಿಸಿದರು: ನೆಗಡಿ ಒಬ್ಬರಿಂದ ಒಬ್ಬರಿಗೆ ಹತ್ತುತ್ತದೆ, ಅವರ ವಸ್ತ್ರ, ಲೋಟ ಬೇರೆ ಇಡಿ. ಮನೆಯಲ್ಲಿ ಎಲ್ಲರೂ ನಕ್ಕರು. ನೆಗಡಿಯೇನು ತಿಗಣೆಯೇ, ಒಬ್ಬರಿಂದ ಒಬ್ಬರಿಗೆ ಹರಿದಾಡಲು? ನಾನೂ ಸೆರಗು ಬಾಯಿಗಿಟ್ಟು ನಕ್ಕಿದ್ದೆ.

ಯಾರ ಮಾತು ಕೇಳುವುದು? ಮಾವನವರು ಮೂವರ ಮಾತನ್ನೂ ಕೇಳಿದರು. ಯಾರನ್ನೂ ಬೇಸರಪಡಿಸುವ ಹಾಗಿರಲಿಲ್ಲ, ಮೂವರೂ ನಮ್ಮಲ್ಲೇ ತುಪ್ಪ ಕೊಳ್ಳುತ್ತಿದ್ದರು. ಬೆಳಿಗ್ಗೆ ಉಪ್ಪುನೀರು, ಮಧ್ಯಾಹ್ನ ಎಣ್ಣೆ, ಸಂಜೆ ಹೂವಿನ ಕಷಾಯ. ಡಾಕ್ಟರು ಬೀದಿಯಲ್ಲಿ ಕಂಡರೆ ಅತ್ತೆ ಓಡಿ ಕಿಟಕಿ ತೆಗೆಯುತ್ತಿದ್ದರು, ಪಂಡಿತರ ಕೆಮ್ಮು ಕೇಳಿದರೆ ನಾನು ಓಡಿ ಮುಚ್ಚುತ್ತಿದ್ದೆ. ಒಮ್ಮೆ ಇಬ್ಬರೂ ಒಟ್ಟಿಗೆ ಬಂದರು. ಆ ದಿನ ಕಿಟಕಿ ಅರ್ಧ ತೆರೆದಿತ್ತು. ಇಬ್ಬರಿಗೂ ಅಸಮಾಧಾನವಾಯಿತು.

ಮೂಗು ಮಾತ್ರ ಕದಲಲಿಲ್ಲ. ಅಷ್ಟರಲ್ಲಿ ಮಾವನವರು ಬೆರಳಿನ ಅಂದಾಜಿನ ಮೇಲೆ ವ್ಯಾಪಾರ ನಡೆಸಿ, ಎಣ್ಣೆ ಬೆರೆತ ಎರಡು ಗಡಿಗೆ ತುಪ್ಪಕ್ಕೆ ಒಳ್ಳೆಯದೆಂದು ತೀರ್ಪು ಕೊಟ್ಟುಬಿಟ್ಟಿದ್ದರು. ಅತ್ತೆ ಅದನ್ನು ಕಾಸುವಾಗ ಕಂಡುಹಿಡಿದ ದಿನ ಮಾವನವರು ಊಟ ಮಾಡಲಿಲ್ಲ. ಮರುದಿನ ಅತ್ತೆ, ಕಾಸದ ತುಪ್ಪದಲ್ಲಿ ಬೆರಕೆ ಹಿಡಿಯುವಷ್ಟು ಚುರುಕು ತಮ್ಮ ಮೂಗಿಗಿಲ್ಲವೆಂದು, ನನ್ನ ಮೂಗನ್ನು ಒಮ್ಮೆ, ನನ್ನ ಕೈಬಳೆಗಳನ್ನು ಒಮ್ಮೆ ನೋಡಿ ಉಪಾಯ ಹೇಳಿದರು.

ಉಪಾಯ ಹೀಗಿತ್ತು. ಮಾವನವರು ಎಂದಿನಂತೆ ಕೈಗೆ ತಿಕ್ಕಿ ಮೂಸುವುದು. ಆಮೇಲೆ “ಮೊದಲ ಬೊಟ್ಟು ದೇವರಿಗೆ” ಎಂದು ಮುತ್ತುಗದ ಎಲೆಯ ಚೂರಿನ ಮೇಲೆ ಒಂದಿಷ್ಟು ತುಪ್ಪ ಹಾಕಿ ಒಳಗೆ ಕಳಿಸುವುದು. ಅತ್ತೆ ಅದನ್ನು ದೇವರ ಮನೆಗೆ ಒಯ್ಯುವಂತೆ ಮಾಡಿ ಬಾಗಿಲ ಮರೆಯಲ್ಲಿ ಕೂತ ನನ್ನ ಮೂಗಿಗೆ ಹಿಡಿಯುವುದು. ಒಮ್ಮೆ ಬಳೆ ಕುಲುಕಿದರೆ ತುಪ್ಪ ಒಳ್ಳೆಯದು, ಎರಡು ಸಲ ಕುಲುಕಿದರೆ ಬೇಡ. ಉಳಿದ ಹೊತ್ತು ಸದ್ದಾಗದಂತೆ ಬಳೆಗಳನ್ನೆಲ್ಲ ಮೊಣಕೈಗೆ ಒತ್ತಿಕೊಂಡು ಕೂರುತ್ತಿದ್ದೆ. ಸಂತೆ ಮುಗಿಯುವಷ್ಟರಲ್ಲಿ ಕೈ ಮರಗಟ್ಟುತ್ತಿತ್ತು.

ವ್ಯಾಪಾರ ಮತ್ತೆ ಕುದುರಿತು. ಸಾಲದ್ದಕ್ಕೆ ಮಾವನವರಿಗೆ ದೊಡ್ಡ ದೈವಭಕ್ತರೆಂಬ ಹೆಸರೂ ಬಂತು. ಎದುರುಸಾಲಿನ ತುಪ್ಪದವರು ತಾವೂ ಮೊದಲ ಬೊಟ್ಟನ್ನು ದೇವರಿಗೆ ಕಳಿಸತೊಡಗಿದರು. ಅವರ ದೇವರು ಅದನ್ನು ಸುಮ್ಮನೆ ತೆಗೆದುಕೊಂಡಿತು, ನಮ್ಮ ದೇವರು ಮಾತ್ರ ಉತ್ತರ ಕೊಡುತ್ತಿತ್ತು. ನನಗೆ ಒಳಗೊಳಗೇ ಹೆಮ್ಮೆ. ಮಾವನವರೊಡನೆ ಒಂದು ಮಾತೂ ಆಡದೆ ಸಂತೆಗೆ ಇಪ್ಪತ್ತು ಸಲ ಅವರಿಗೆ ಬುದ್ಧಿ ಹೇಳುತ್ತಿದ್ದೆನಲ್ಲ.

ಹಿಂಗಾರು ಮಳೆ ಬಂತು. ಮಾವನವರ ಹಳೆಯ ನೆಗಡಿಯ ಮೇಲೆ ಹೊಸ ನೆಗಡಿ ಕೂತಿತು. ಮೂರು ದಿನಕ್ಕೆ ಅತ್ತೆ ಸೀನಿದರು. ಮತ್ತೆ ಮೂರು ದಿನಕ್ಕೆ, ಸಂತೆಯ ಬೆಳಿಗ್ಗೆ, ಒಲೆ ಹಚ್ಚುವಾಗ ಹೊಗೆಯ ವಾಸನೆ ಬರಲಿಲ್ಲವೆಂದು ನನಗೆ ಗೊತ್ತಾಯಿತು. ಇಂಗಿನ ಡಬ್ಬಿ ತೆಗೆದು ಮೂಗಿಗೆ ಹಿಡಿದೆ. ಇಂಗೂ ಇಲ್ಲ. ಕೋಟಿನ ಡಾಕ್ಟರ ಮಾತಿಗೆ ನಕ್ಕಿದ್ದು ನೆನಪಾಯಿತು.

ಅತ್ತೆಗೆ ಹೇಳೋಣವೆಂದರೆ ಅವರು ಜ್ವರದಲ್ಲಿ ಕಂಬಳಿ ಹೊದ್ದು ನಡುಮನೆಯಲ್ಲಿ ಕೂತಿದ್ದರು, ಎಲೆ ದಾಟಿಸುವಷ್ಟು ಶಕ್ತಿ ಮಾತ್ರ ಇತ್ತು. ನಾನು ಬಾಯಿ ತೆಗೆಯುವಷ್ಟರಲ್ಲಿ ಶಿರಾದ ಕಡಲೆಕಾಯಿ ಸಾಹುಕಾರರ ಗಾಡಿ ಬಂದು ನಿಂತಿತು. ಅವರ ಮಗಳ ಮದುವೆ. ಎಂಟು ಡಬ್ಬ ತುಪ್ಪ ಬೇಕು. “ನಾನು ನೋಡಕಿಲ್ಲ, ಮೂಸಕಿಲ್ಲ. ನಿಮ್ಮ ಮೂಗು ಹೂಂ ಅಂದಿದ್ದು ನಮಗೆ ಹೂಂ” ಎಂದು ಜಗಲಿಯ ಮೇಲೆ ಕಾಲು ಮಡಿಸಿ ಕೂತರು. ಗಡಿಗೆಯ ಹೆಂಗಸರು ಹತ್ತು ಹನ್ನೆರಡು ಮಂದಿ ಸಾಲಾಗಿ ನಿಂತಿದ್ದರು.

ಮೊದಲನೆಯದು ಪಾವಗಡ ಕಡೆಯ ಅಜ್ಜಿಯ ಗಡಿಗೆ. “ಮಾ ನೆಯ್ಯಿ ಮಂಚಿದಿ ಸಾಮಿ, ಒಳ್ಳೆ ತುಪ್ಪ, ನೋಡ್ಕೊಳ್ರಿ” ಎಂದರು ಆಕೆ. ಮಾವನವರು ಕಣ್ಣು ಮುಚ್ಚಿ ಮೂಸಿದರು. ಮೊದಲ ಬೊಟ್ಟು ಒಳಗೆ ಬಂತು. ನಾನು ಮೂಗಿಗೆ ಹಿಡಿದೆ. ನೀರಾದರೂ ಅಷ್ಟೇ, ಸೀಮೆಎಣ್ಣೆಯಾದರೂ ಅಷ್ಟೇ. ಒಂದು ಸಲ ಕುಲುಕಿ ಸುಮ್ಮನಾಗಲೇ ಎನಿಸಿತು. ಕೆಟ್ಟದ್ದಾದರೆ ಯಾರದೋ ಮದುವೆಯ ಊಟ ಹಾಳು, ಮಾವನವರ ಹೆಸರು ಮಣ್ಣುಪಾಲು. ಎರಡು ಸಲ ಕುಲುಕಲೇ? ಒಳ್ಳೆಯದಾದರೆ ಆ ಅಜ್ಜಿಯ ಹೊಟ್ಟೆಯ ಮೇಲೆ ಹೊಡೆದಂತೆ. ಹೀಗೆ ಯೋಚಿಸುತ್ತಿರುವಾಗಲೇ ಸೀನು ಬಂತು.

ತಡೆಯಲು ನೋಡಿದೆ. ಪಂಡಿತರು ಹೇಳಿದ್ದು ಸುಳ್ಳಲ್ಲ, ತಡೆದ ಸೀನು ಕೆರಳುತ್ತದೆ. ಒಂದಾದ ಮೇಲೊಂದು ಏಳು ಸೀನು. ಪ್ರತಿ ಸೀನಿಗೂ ಎರಡೂ ಕೈಯ ಎರಡು ಡಜನ್ ಬಳೆಗಳು ಮೊಣಕೈಯಿಂದ ಜಾರಿ ಗಲಗಲ ಸುರಿದವು. ಒಂದಕ್ಕೆ ಹೂಂ, ಎರಡಕ್ಕೆ ಊಹೂಂ. ಏಳಕ್ಕೆ ಏನೆಂದು ನಾವು ಮಾತಾಡಿಕೊಂಡಿರಲಿಲ್ಲ.

“ಒಳಗೆ ಏನು ಮಂಗಳಾರತಿ ನಡೀತಾ ಅದೆಯೋ?” ಎಂದು ಸಾಹುಕಾರರು ಕೈಮುಗಿದರು.

ಮಾವನವರು ಬಾಗಿಲ ಕಡೆ ತಿರುಗಿದರು. ಬಾಗಿಲ ಸಂದಿಯಿಂದ ಅವರ ಮುಖ ಕಂಡೆ. ದಾರಿ ತಪ್ಪಿದವರ ಮುಖ ಅದು. ನನಗೆ ತಡೆಯಲಾಗಲಿಲ್ಲ. ಮದುವೆಯಾಗಿ ಆರು ತಿಂಗಳಾದ ಮೇಲೆ, ಹನ್ನೆರಡು ಜನರ ಎದುರಿಗೆ, ಮರೆಯಿಂದಲೇ ನಾನು ಅವರೊಡನೆ ಮೊದಲ ಮಾತಾಡಿದೆ.

“ಮಾವ, ನಂಗೂ ನೆಗಡಿ. ನಂಗೆ ಏನೂ ಗೊತ್ತಾಗ್ತಿಲ್ಲ.”

ಅವರು ಅದನ್ನು ತೇಲಿಸಿಬಿಡಬಹುದಿತ್ತು. ಸೊಸೆ ಚಿಕ್ಕವಳು, ಏನೋ ಅಂದಳು ಎಂದು ಗಡಿಗೆಗೆ ಹೂಂ ಎಂದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಅವರು ಕೈಯ ತುಪ್ಪವನ್ನು ಪಂಚೆಗೆ ಒರೆಸಿಕೊಂಡರು.

“ನನ್ನ ಮೂಗು ಹೋಗಿ ಒಂಬತ್ತು ತಿಂಗಳಾಯ್ತು ಸಾಹುಕಾರ್ರೆ. ಈಗ ನಾಕು ತಿಂಗಳಿಂದ ನೀವೆಲ್ಲ ನಂಬಿರೋದು ನನ್ನನ್ನಲ್ಲ, ಒಳಗಿರೋ ನನ್ನ ಸೊಸೇನ. ಇವತ್ತು ಆ ಮೂಗೂ ಕಟ್ಟಿ ಹೋಗ್ಯದೆ. ಇವತ್ತು ನನ್ನ ಹತ್ರ ನಿಮಗೆ ಕೊಡೋಕೆ ಮಾತಿಲ್ಲ.” ಆಮೇಲೆ ಯಾರಿಗೆ ಹೇಳುತ್ತಿದ್ದಾರೆಂದು ತಿಳಿಯದಂತೆ ನೆಲ ನೋಡುತ್ತ ಹೇಳಿದರು: “ಆ ಮಗು ದಿನಾ ಮಾಡಿ ಹಾಕ್ತದೆ. ಅದರ ಕೈ ಅಡಿಗೆ ಘಮ ಹೆಂಗದೆ ಅಂತ ನಂಗೆ ಇವತ್ತಿಗೂ ಗೊತ್ತಿಲ್ಲ.”

ನಾನು ಬಾಗಿಲ ಹಿಂದೆ ಬಿಕ್ಕಿಬಿಕ್ಕಿ ಅತ್ತುಬಿಟ್ಟೆ. ಮೂಗು ಮೊದಲೇ ಸೋರುತ್ತಿದ್ದರಿಂದ ಅತ್ತೆ ಅದನ್ನು ನೆಗಡಿ ಎಂದೇ ತಿಳಿದರು.

ಸಾಹುಕಾರರು ಮೀಸೆ ಸವರಿಕೊಂಡು, “ಮದ್ವೆಗೆ ಇನ್ನೂ ಹದಿನೈದು ದಿನ ಅದೆ. ಆ ಹೆಣ್ಣುಮಗಳ ನೆಗಡಿ ಯಾವಾಗ ಹೋಗ್ತದೆ?” ಎಂದು ಕೇಳಿದರು. ಮಾವನವರು ಅಂದೇ ಮೂವರು ವೈದ್ಯರನ್ನೂ ಕರೆಸಿದರು. ಪಂಡಿತರು ನಾನು ಒದ್ದೆ ತಲೆಯಲ್ಲಿ ಮಲಗಿದ್ದೇ ಕಾರಣವೆಂದರು. ಹಕೀಮರು ಚಿಕ್ಕ ವಯಸ್ಸಿನ ದಿಮಾಗು, ಬೇಗ ಒಣಗುತ್ತದೆ ಎಂದರು. ಡಾಕ್ಟರು ಮೂರು ಲೋಟಗಳನ್ನು ಬೇರೆ ಬೇರೆ ಇಡಿಸಿ ಹೋದರು. ಎಂಟನೆಯ ದಿನ ದೇವರ ಮನೆಯ ಮುಂದೆ ಹಾದುಹೋಗುವಾಗ ದೀಪದ ಕಮಟು ತುಪ್ಪ ಮೂಗಿಗೆ ಬಡಿಯಿತು. ಅದಕ್ಕಿಂತ ಒಳ್ಳೆಯ ವಾಸನೆಯನ್ನು ನಾನು ಜನ್ಮದಲ್ಲಿ ಮೂಸಿಲ್ಲ. ವಾಸಿ ಮಾಡಿದ್ದು ತಾವೆಂದು ಮೂವರೂ ಹೇಳಿದರು, ಮೂವರಿಗೂ ಮಾವನವರು ತುಪ್ಪ ಕೊಟ್ಟು ಕಳಿಸಿದರು.

ಸಾಹುಕಾರರು ಮತ್ತೆ ಬಂದರು. ಮಾವನವರು ತಮ್ಮ ಪಕ್ಕದಲ್ಲಿ ಮಣೆ ಹಾಕಿಸಿ, “ಬಾ ತಾಯಿ, ಇಲ್ಲಿ ಕೂತ್ಕೊ” ಎಂದರು. ಬೀದಿಯೆಲ್ಲ ನೋಡುತ್ತಿತ್ತು. ಹನ್ನೆರಡು ಗಡಿಗೆಯಲ್ಲಿ ಎರಡನ್ನು ಬೇಡವೆಂದೆ. ಅಜ್ಜಿಯ ತುಪ್ಪ ಎಲ್ಲಕ್ಕಿಂತ ಚೆನ್ನಾಗಿತ್ತು.

ಮಾವನವರ ಮೂಗು ಕೊನೆಗೂ ಸರಿಹೋಗಲಿಲ್ಲ. ನಮ್ಮ ನಡುವಿನ ಬಾಗಿಲ ಮರೆ ಮಾತ್ರ ಹೋಯಿತು. ಊಟಕ್ಕೆ ಕೂತಾಗ ದಿನವೂ ಕೇಳುತ್ತಿದ್ದರು, “ಇವತ್ತು ಹೆಂಗದೆ ತಾಯಿ?” ನಾನು ಹೇಳುತ್ತಿದ್ದೆ: ಕೊತ್ತಂಬರಿ ಹೊಸದು ಮಾವ, ಒಗ್ಗರಣೆ ಚೆನ್ನಾಗಿ ಬಂದಿದೆ, ಇಂಗು ಸ್ವಲ್ಪ ಮುಂದಾಗಿದೆ. ಅವರು ತಲೆಯಾಡಿಸಿ, ನಾನು ಹೇಳಿದ್ದನ್ನೇ ಅನ್ನಕ್ಕೆ ಕಲಸಿಕೊಂಡು ಉಣ್ಣುವವರಂತೆ ಉಣ್ಣುತ್ತಿದ್ದರು.

ಒಂದು ದಿನ ಹುಳಿ ತಳ ಹಿಡಿಯಿತು. ಸುಳ್ಳು ಹೇಳಲು ಮನಸ್ಸು ಬರದೆ, “ಇವತ್ತು ಸೀದು ಹೋಗಿದೆ ಮಾವ” ಎಂದೆ. ಅವರು ಒಂದು ತುತ್ತು ಬಾಯಿಗಿಟ್ಟು, ಮುಖ ಕಿವುಚಿ, “ಏನಮ್ಮ ಇದು, ಇಷ್ಟು ಸೀಯಿಸೋದೆ?” ಎಂದು ಎಲೆ ಪಕ್ಕಕ್ಕೆ ತಳ್ಳಿದರು. ಆ ಮನೆಯಲ್ಲಿ ನನ್ನ ಅಡಿಗೆಗೆ ಅವರು ಬೈದದ್ದು ಅದೊಂದೇ ಸಲ. ನನಗೆ ಅಳು ಬರುವಷ್ಟು ಸಂತೋಷವಾಯಿತು.