ಮೀನಿನ ಚಿತ್ರದ ಪುಸ್ತಕ

ಹೈಸ್ಕೂಲಿಗೆ ಹೋಗುತ್ತಿದ್ದ ಮಗಳು ಭಾನುವಾರ ನನ್ನ ಜೊತೆ ಕುಂದಾಪುರದ ಮಾರ್ಕೆಟ್ಟಿಗೆ ಮೀನು ಮಾರಲು ಬರುತ್ತಿದ್ದಳು. ಮಾರಾಟಕ್ಕಿಂತ ಮೀನಿನ ಹೊಟ್ಟೆ ಒತ್ತಿ ನೋಡುವುದರಲ್ಲೇ ಅವಳ ಗಮನ.

"ಅಮ್ಮ, ಇದ್ರಂಗ್ ಮೊಟ್ಟೆ ಇತ್ತ್. ಈಗ ಇದನ್ ಹಿಡುಕಾಗ," ಎಂದು, ಹಿಡಿದದ್ದೇ ತಪ್ಪು ಎಂಬಂತೆ, ಗಿರಾಕಿಗಳ ಎದುರೇ ಹೇಳಿಬಿಡುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಯಾವ ಮೀನಿಗೆ ಯಾವ ತಿಂಗಳು ಮೊಟ್ಟೆ ಎಂದು ಒಂದು ನೋಟ್ ಪುಸ್ತಕದಲ್ಲಿ ಚಿತ್ರ ಸಮೇತ ಬರೆದಿಡುತ್ತಿದ್ದಳು.

"ನಾ ಬುಟ್ಟಿ ಹೊತ್ತದ್ ಸಾಕ್. ನೀ ಓದ್ಕೊ, ಇಲ್ಲಿಗ್ ಬಪ್ದ್ ಬ್ಯಾಡ," ಎಂದು ಗದರಿಸಿ, ಅವಳನ್ನು ಟ್ಯೂಷನ್ನಿಗೆ ಹಾಕಿದೆ. ಮಾರ್ಕೆಟ್ಟಿನಲ್ಲಿ ಉಳಿದಿದ್ದ ಆ ಪುಸ್ತಕದ ಹಾಳೆಗಳನ್ನು ಹರಿದು ಒಣಮೀನು ಕಟ್ಟಿಕೊಟ್ಟೆ. ಗೊತ್ತಾದಾಗ ಅವಳು ಅಳಲಿಲ್ಲ. ಜಗಳವನ್ನಾದರೂ ಆಡಬೇಕಿತ್ತು.

ಈಗ ಅವಳು ಪಿಯುಸಿ, ಸೈನ್ಸು. ಅಂಕಗಳೇನೋ ಚೆನ್ನಾಗಿವೆ. ಮೊನ್ನೆ ಕಾಲೇಜಿನಲ್ಲಿ ಪೋಷಕರ ಸಭೆಯಿತ್ತು. ಮೇಡಂ ನನ್ನೆದುರೇ ಅವಳನ್ನು ಕೇಳಿದರು: "ಮುಂದೆ ಎಂತ ಮಾಡುಕೆ ಆಸೆ ನಿಂಗೆ?"

ಮಗಳು ನನ್ನತ್ತ ಕೈ ತೋರಿಸಿದಳು.

"ಅಮ್ಮನ್ ಹತ್ರ ಕೇಣಿ."

ನನ್ನನ್ನೇ ಕೇಳಿ ಎಂದು ಸಿಟ್ಟಿನಿಂದ ಹೇಳಿದ್ದಲ್ಲ. ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ.