ಉಪ್ಪಳದ ಫ್ಲೆಕ್ಸ್ ಇಳಿಸಿದ ದಿನ

ಶಹಾನಾ ಉಪ್ಪಳದಲ್ಲಿ ಚಪ್ಪಲಿ ಅಂಗಡಿ ಇಟ್ಟಿರುವ ಪೊಕ್ಕರ್ ಅವರ ಮಗಳು. ಎಂಟನೆಯ ತರಗತಿಯಲ್ಲಿ ನನ್ನ ವಿದ್ಯಾರ್ಥಿನಿ. ಲೋಲಕದ ಪ್ರಯೋಗದಲ್ಲಿ ಉಳಿದವರೆಲ್ಲ ಪುಸ್ತಕದ ಉತ್ತರವನ್ನೇ ನಕಲು ಮಾಡಿದಾಗ ಅವಳೊಬ್ಬಳು ಪುಸ್ತಕಕ್ಕೆ ಹೊಂದದ ಉತ್ತರ ತಂದಳು. "ನನಗೆ ಇಷ್ಟೇ ಬಂದದ್ದು ಮಾಷ್ಟ್ರೇ" ಎಂದಳು. ಆ ಪುಟವನ್ನು ಇಡೀ ತರಗತಿಗೆ ಎತ್ತಿ ತೋರಿಸಿದ್ದೆ.

ಈಗ ಅವಳು ಸಂಶೋಧಕಿ. ಮೈಕ್ರೋವೇವ್ ಅಲೆಗಳನ್ನು ಲೇಸರ್ ಬೆಳಕಿನ ಮೇಲೆ ಕೂರಿಸಿ, ಕೂದಲಿನಷ್ಟು ತೆಳ್ಳಗಿನ ಗಾಜಿನ ಎಳೆಯಲ್ಲಿ ಕಳುಹಿಸುವ ಕೆಲಸ. ಹಾಗೆ ಕೂರಿಸಿಕೊಡುವುದು ಒಂದು ಪುಟ್ಟ ಹರಳು. ಅದಕ್ಕೆ ಕೊಡುವ ವೋಲ್ಟೇಜನ್ನು ಬದಲಿಸಿ ಬೇಕಾದ ಅಲೆಯನ್ನು ಆರಿಸಿಕೊಳ್ಳಬಹುದು. ಹರಳು ಬಿಸಿಯಾದರೆ ಹೊಂದಾಣಿಕೆ ತಪ್ಪುತ್ತದೆ. ಹಾಗೆ ತಪ್ಪಿದ್ದನ್ನು ತಾನಾಗಿಯೇ ಸರಿಪಡಿಸಿಕೊಳ್ಳುವ ಉಪಕರಣದ ಬಗ್ಗೆ ಅವಳ ಲೇಖನ ವಿಜ್ಞಾನ ಪತ್ರಿಕೆಯೊಂದರಲ್ಲಿ ಬಂತು. ನಾನು ಹಿಗ್ಗಿಹೋದೆ. ಸನ್ಮಾನ ಗೊತ್ತುಮಾಡಿ, ಉಪ್ಪಳ ಬಸ್ ನಿಲ್ದಾಣದೆದುರು ಫ್ಲೆಕ್ಸ್ ಕಟ್ಟಿಸಿದೆ. ಅದರ ಮೂಲೆಯಲ್ಲಿ 'ಗುರುಗಳು' ಎಂದು ನನ್ನ ಚಿತ್ರವೂ ಇತ್ತು.

ಸನ್ಮಾನಕ್ಕೆ ಮೂರು ದಿನವಿರುವಾಗ ಅವಳು ಮೀಂಜದ ನಮ್ಮ ಮನೆಗೆ ಬಂದಳು. ಕೊಟ್ಟ ಚಹಾ ಮುಟ್ಟಲಿಲ್ಲ.

"ಮಾಷ್ಟ್ರೇ, ಅದು ತಾನಾಗಿ ಸರಿಯಾದದ್ದಲ್ಲ. ಮಧ್ಯಾಹ್ನ ಕೋಣೆ ಬಿಸಿಯಾದಾಗ ಎರಡು ಸಲ ನಾನೇ ವೋಲ್ಟೇಜಿನ ಗುಂಡಿ ಕೈಯಲ್ಲಿ ತಿರುಗಿಸಿ ಸರಿಮಾಡಿದ್ದೇನೆ. ಬರೆಯುವಾಗ ಅದನ್ನು ಬಿಟ್ಟೆ."

"ಎರಡೇ ಸಲ ಅಲ್ವಾ?"

"ಎರಡಾದ್ರೂ ಕೈ ನನ್ನದೇ ಅಲ್ವಾ? ಲೇಖನ ವಾಪಸ್ ತೆಗೀಬೇಕು. ಮತ್ತೆ ಪಿಎಚ್.ಡಿ. ಎಂತಾಗ್ತದೋ ಗೊತ್ತಿಲ್ಲ. ಗೈಡಿಗೆ ಹೇಳ್ಲಾ?"

ಕೊಡಬೇಕಾದ ಉತ್ತರ ನನಗೆ ತಿಳಿದಿತ್ತು. ಆದರೆ ಕಣ್ಣೆದುರು ಬಂದದ್ದು ಫ್ಲೆಕ್ಸ್. "ಈಗ ಬೇಡ ಮಗಾ. ಆದಿತ್ಯವಾರದ ಸನ್ಮಾನ ಕಳೆಯಲಿ. ಜನರನ್ನೆಲ್ಲ ಕರೆದಾಗಿದೆ" ಎಂದೆ.

ಅವಳು "ಲೋಲಕದ ಆ ಪುಟ ಈಗಲೂ ನನ್ನ ಹತ್ತಿರ ಉಂಟು ಮಾಷ್ಟ್ರೇ" ಎಂದು ಎದ್ದಳು. ಅಂಗಳದಲ್ಲಿ ನಿಂತೇ ಗೈಡಿಗೆ ಫೋನ್ ಮಾಡಿದಳು. ಒಂದೊಂದು ಮಾತೂ ನನಗೆ ಕೇಳಿಸಿತು.

ಮರುದಿನ ಉಪ್ಪಳಕ್ಕೆ ಹೋದರೆ ಪೊಕ್ಕರ್ ಆಗಲೇ ಏಣಿ ಹತ್ತಿ ಹಗ್ಗ ಬಿಚ್ಚುತ್ತಿದ್ದರು.

"ಎಂತ ಪೊಕ್ಕರ್ ಕಾಕ, ಸನ್ಮಾನಕ್ಕೆ ಮೊದಲೇ ಇಳಿಸುದಾ?" ಆಟೋದ ಪ್ರವೀಣ್ ನಗಾಡಿದ.

"ಹೌದು ಮಾರಾಯ. ಅವಳು ಬರೆದದ್ದರಲ್ಲಿ ತಪ್ಪುಂಟಂತೆ. ಅವಳೇ ಹೇಳಿದ್ದು." ಪೊಕ್ಕರ್ ಧ್ವನಿಯಲ್ಲಿ ಅಳುಕಿರಲಿಲ್ಲ. ನನ್ನನ್ನು ಕಂಡು, "ಆ ಮೂಲೆ ಸ್ವಲ್ಪ ಹಿಡೀರಿ ಮಾಷ್ಟ್ರೇ" ಎಂದರು.

ಕೈಗೆ ಸಿಕ್ಕಿದ್ದು ನನ್ನ ಚಿತ್ರವಿದ್ದ ಮೂಲೆ. ಅದು ಒಳಗೆ ಹೋಗುವಂತೆ ಮಡಚಿದೆ.

ಶಹಾನಾ ಈಗ ಮೊದಲಿನಿಂದ ಅಳೆಯುತ್ತಿದ್ದಾಳೆ. ಕೈ ಹಾಕಿದಾಗಲೆಲ್ಲ ಗಂಟೆ ಸಮೇತ ಬರೆದಿಡುತ್ತಾಳಂತೆ. ನನ್ನನ್ನು ಕಂಡರೆ ಇಂದಿಗೂ ಎದ್ದು ನಿಲ್ಲುತ್ತಾಳೆ. ಕುಳಿತುಕೋ ಎನ್ನಲು ನನಗೆ ಬಾಯಿ ಬರುವುದಿಲ್ಲ.